ಮಾಲೀಕರು ಸಂಬಳ ಏರಿಸುತ್ತೇನೆಂದ ಮೇಲೂ ಕೆಲಸ ಬಿಡುವುದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಗುಣಮಟ್ಟ ವಿಭಾಗದ ಮೇಲ್ವಿಚಾರಕಿಯಾಗಿದ್ದೇನೆ. ಬರುವ ಜನವರಿ 10ಕ್ಕೆ ಸೇರಿ ಐದು ವರ್ಷವಾಗುತ್ತದೆ. ಸಂಬಳ 34,000 ರೂಪಾಯಿ. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 20,000. ಹಾಸನದ ಒಂದು ರಫ್ತು ಕಂಪನಿಯು ತನ್ನ ಕಪ್ಪಿಂಗ್ ಲ್ಯಾಬ್‌ಗೆ (ಕಾಫಿಯ ರುಚಿ ನೋಡಿ ಅಂಕ ಕೊಡುವ ಪ್ರಯೋಗಾಲಯ) 46,000 ರೂಪಾಯಿ ಸಂಬಳದ ಮೇಲೆ ಕರೆದಿದೆ. ಆಫರ್ ಪತ್ರಕ್ಕೆ ಸಹಿ ಹಾಕಿದ್ದೇನೆ. ಜನವರಿ 1ಕ್ಕೆ ಸೇರಬೇಕು. ನಮ್ಮಲ್ಲಿ ನೋಟಿಸ್ ಅವಧಿ ಎರಡು ತಿಂಗಳು. ಕಳೆದ ವಾರ, ಅಂದರೆ ಅಕ್ಟೋಬರ್ ಮೂರನೇ ವಾರದಲ್ಲಿ, ಮಾಲೀಕರಿಗೆ ಬಾಯಿಮಾತಿನಲ್ಲಿ ತಿಳಿಸಿದೆ. ಮರುದಿನವೇ ಅವರು 45,000 ಸಂಬಳ ಮತ್ತು ಕ್ವಾಲಿಟಿ ಮ್ಯಾನೇಜರ್ ಹುದ್ದೆ ಕೊಡುತ್ತೇನೆಂದರು. ನನ್ನ ತಂದೆ ಅವರ ತೋಟದಲ್ಲಿ 26 ವರ್ಷ ರೈಟರ್ (ಲೆಕ್ಕ ಬರೆಯುವವರು) ಆಗಿದ್ದು ನಿವೃತ್ತರಾದವರು. ತಂದೆಯ ಹೃದಯದ ಶಸ್ತ್ರಚಿಕಿತ್ಸೆಗೆ ಮಾಲೀಕರೇ ಹಣ ಕೊಟ್ಟಿದ್ದರು. ರುಚಿ ಪರೀಕ್ಷೆಯ ತರಬೇತಿಗೆ ಕಳಿಸಿ ಎಂದು ಎರಡು ವರ್ಷಗಳಿಂದ ಕೇಳಿದ್ದೆ. ಪ್ರತಿ ಸಲವೂ ‘ಸೀಸನ್ ಮುಗಿಯಲಿ’ ಎಂಬ ಉತ್ತರ ಬಂತು. ಹೋಗಬೇಕೆಂದು ನಿರ್ಧರಿಸಿದ್ದೇನೆ, ಆದರೆ ಅವರ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರುತ್ತಿಲ್ಲ. ಸಂಬಂಧ ಕೆಡದಂತೆ ಹೇಗೆ ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಹೇಗೆ ಹೇಳಲಿ ಎಂಬುದನ್ನು ನೀವು ಕೇಳಿದ್ದೀರಿ. ಇಷ್ಟು ಉಪಕಾರ ಮಾಡಿದವರಿಗೆ ಇಲ್ಲವೆನ್ನುವ ಹಕ್ಕು ನನಗಿದೆಯೇ ಎಂಬುದನ್ನು ಕೇಳಿಲ್ಲ, ಆದರೆ ಬಾಯಿ ಕಟ್ಟುತ್ತಿರುವುದು ಅದೇ. ಅದಕ್ಕೆ ಉತ್ತರ ಸಿಗದೆ ಮೊದಲನೆಯದಕ್ಕೆ ಎಷ್ಟು ಒಳ್ಳೆಯ ಮಾತುಗಳನ್ನು ಬರೆದುಕೊಟ್ಟರೂ ಮಾಲೀಕರ ಎದುರು ಕುಳಿತಾಗ ಅವು ನಾಲಿಗೆಗೆ ಬರುವುದಿಲ್ಲ.

ಮೊದಲು ಲೆಕ್ಕವನ್ನು ಪ್ರಾಮಾಣಿಕವಾಗಿ ನೋಡೋಣ. ಹಾಸನದವರು ಕೊಡುವುದು 46,000, ಇಲ್ಲಿ ಕೊಡುತ್ತೇನೆನ್ನುತ್ತಿರುವುದು 45,000. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಸುಮಾರು 60 ಕಿಲೋಮೀಟರ್; ದಿನವೂ ಬಸ್ಸಿನಲ್ಲಿ ಹೋಗಿಬರುವುದು ಒಂದೆರಡು ತಿಂಗಳು ನಡೆದೀತು, ವರ್ಷಗಟ್ಟಲೆ ನಡೆಯದು. ಅಲ್ಲಿಯೇ ಮನೆಯೋ ಪಿ.ಜಿ.ಯೋ ಮಾಡಿ ಬಾಡಿಗೆ, ಊಟ, ವಾರಕ್ಕೊಮ್ಮೆ ಊರಿಗೆ ಬರುವ ಖರ್ಚೆಂದು ತಿಂಗಳಿಗೆ 8,000 ಹೋಯಿತೆಂದುಕೊಳ್ಳಿ. ಕೈಯಲ್ಲಿ ಉಳಿಯುವುದು 38,000. ಅಂದರೆ ಹಣವೊಂದನ್ನೇ ನೋಡಿದರೆ ಉಳಿಯುವುದೇ ಲಾಭ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಇಷ್ಟು ಗೊತ್ತಿದ್ದೂ ಹೋಗಬೇಕೆನಿಸುತ್ತಿದೆ ಎಂದಾದರೆ ನೀವು ಹೊರಟಿರುವುದು ಸಂಬಳಕ್ಕಾಗಿ ಅಲ್ಲ. ಹಾಗಿರುವಾಗ ಮಾಲೀಕರೊಂದಿಗಿನ ಮಾತಿನಲ್ಲಿ ಸಂಬಳದ ವಿಷಯ ಎಳ್ಳಷ್ಟೂ ಬರಬಾರದು. ‘ಅಲ್ಲಿ ಜಾಸ್ತಿ ಕೊಡುತ್ತಾರೆ ಸರ್’ ಎಂದು ಬಾಯಿತಪ್ಪಿ ಅಂದರೂ ಸಾಕು, ಅವರು 48,000 ಎನ್ನುತ್ತಾರೆ. ಆಗ ನಿಮ್ಮ ಬಳಿ ಉತ್ತರವಿರುವುದಿಲ್ಲ.

ನಿಮ್ಮ ನಿಜವಾದ ಕಾರಣ ಪತ್ರದ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಅಡಗಿ ಕುಳಿತಿದೆ: ತರಬೇತಿ. ಐದು ವರ್ಷ ತೇವಾಂಶ ಅಳೆದು, ಔಟ್‌ಟರ್ನ್ (ಬಂದ ಕಾಫಿಯಿಂದ ಸಿಗುವ ಸ್ವಚ್ಛ ಬೀಜದ ಪ್ರಮಾಣ) ತೆಗೆದು, ಗ್ರೇಡ್ ಮಾಡಿದವರಿಗೆ ಬೀಜದ ಕಣ್ಣುಪರೀಕ್ಷೆ ಕರಗತವಾಗಿರುತ್ತದೆ. ಆದರೆ ಕಾಫಿಯ ಬೆಲೆ ನಿರ್ಧಾರವಾಗುವುದು ಈಗ ಲೋಟದಲ್ಲಿ. ಅರೇಬಿಕಾದ ಒಳ್ಳೆಯ ಲಾಟನ್ನು ವಿದೇಶಿ ಖರೀದಿದಾರ ಕೊಳ್ಳುವುದು ಕಪ್ಪಿಂಗ್ ಅಂಕ ನೋಡಿ. ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಎಂಬ ಕಿರು ತರಬೇತಿಯನ್ನೂ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೂ ನಡೆಸುತ್ತಿರುವುದು ಇದೇ ಕಾರಣಕ್ಕೆ. ನಿಮ್ಮ ಕಸುಬಿನಲ್ಲಿ ಕಣ್ಣಿನಿಂದ ನಾಲಿಗೆಗೆ ಹೋಗುವುದೇ ಮುಂದಿನ ಹೆಜ್ಜೆ, ಮತ್ತು ಅದಕ್ಕೆ ಬೇಕಾದ ಲ್ಯಾಬ್ ನೀವಿರುವಲ್ಲಿ ಇಲ್ಲ. ಮಾಲೀಕರು ಹುದ್ದೆಯ ಹೆಸರನ್ನು ಬದಲಿಸಬಲ್ಲರು, ಸಂಬಳವನ್ನು ಒಂದೇ ರಾತ್ರಿಯಲ್ಲಿ ಹೆಚ್ಚಿಸಬಲ್ಲರು. ಎರಡು ವರ್ಷ ಕೇಳಿದರೂ ಆಗದ ತರಬೇತಿಯ ಬಗ್ಗೆ ಅವರ ಕೊಡುಗೆಯಲ್ಲಿ ಒಂದು ಮಾತೂ ಇಲ್ಲವೆಂಬುದನ್ನು ಗಮನಿಸಿದಿರಾ? ಅವರು ಕೆಟ್ಟವರೆಂದು ಇದರ ಅರ್ಥವಲ್ಲ. ಸೀಸನ್ ಹೊಸ್ತಿಲಲ್ಲಿ ಗುಣಮಟ್ಟ ವಿಭಾಗ ಖಾಲಿಯಾಗುತ್ತಿದೆ ಎಂಬ ಗಾಬರಿಯಲ್ಲಿ ಅವರಿಗೆ ಕೈಗೆ ಸಿಕ್ಕ ಉಪಾಯ ಹಣ.

ಇಂಥ ಮರುಕೊಡುಗೆಯನ್ನು ನಾನೂ ಒಮ್ಮೆ ಒಪ್ಪಿದ್ದೇನೆ. ಹಾಸನದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದಾಗ ಬೇರೆಡೆ ಕೆಲಸ ಸಿಕ್ಕಿತ್ತು. ಮೇಲಧಿಕಾರಿ ಕರೆದು ಸಂಬಳ ಏರಿಸಿದರು, ನಾನು ಉಳಿದೆ. ಅವರು ಮಾತಿಗೆ ತಪ್ಪಲಿಲ್ಲ, ಮುಂದಿನ ತಿಂಗಳಿಂದಲೇ ಹೆಚ್ಚಿನ ಸಂಬಳ ಬಂತು. ಆದರೆ ಏಪ್ರಿಲ್ ಬಂದಾಗ, ನಿಮಗೆ ಈಗಾಗಲೇ ಕೊಟ್ಟಿದ್ದೇವಲ್ಲ ಎಂದು ಆ ವರ್ಷದ ಬಡ್ತಿ ಪಟ್ಟಿಯಿಂದ ನನ್ನನ್ನು ಬಿಟ್ಟರು. ನನ್ನ ಕೆಲಸವನ್ನು ‘ನೋಡಿಕೊಳ್ಳಲು’ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿದರು. ಹೊರಡಲು ಹೊರಟಿದ್ದ ಕಾರಣಗಳೆಲ್ಲ ಮೇಜಿನ ಮೇಲೆ ಹಾಗೆಯೇ ಇದ್ದವು. ಹನ್ನೊಂದು ತಿಂಗಳಿಗೆ ಕೊನೆಗೂ ಬಿಟ್ಟೆ, ಅಷ್ಟರಲ್ಲಿ ಮೊದಲು ಕರೆದಿದ್ದವರ ಬಾಗಿಲು ಮುಚ್ಚಿತ್ತು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳಲಾರೆ. ಎಲ್ಲೂ ಸಹಿ ಹಾಕಿಲ್ಲ, ಕೆಲಸ ಇಷ್ಟವಾಗಿದೆ, ಸಂಬಳವೊಂದೇ ಕೊರತೆ ಎನ್ನುವವರು ಮರುಕೊಡುಗೆಯನ್ನು ಬರವಣಿಗೆಯಲ್ಲಿ ಪಡೆದು ಉಳಿದರೆ ತಪ್ಪೇನಿಲ್ಲ. ನೀವು ಆ ಸ್ಥಿತಿಯಲ್ಲಿಲ್ಲ. ಸಹಿ ಹಾಕಿದ್ದೀರಿ, ಚಿಕ್ಕಮಗಳೂರು, ಸಕಲೇಶಪುರ, ಹಾಸನ, ಕೊಡಗು ಸೇರಿದರೂ ಕಾಫಿ ವ್ಯಾಪಾರದ ಊರು ಒಂದೇ, ಅಲ್ಲಿ ಕೊಟ್ಟ ಮಾತು ಮುರಿದವರ ಹೆಸರು ಅವರಿಗಿಂತ ಮುಂಚೆ ತಲುಪುತ್ತದೆ.

ಇನ್ನು ಋಣದ ವಿಷಯ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ; ಮಲೆನಾಡಿನಲ್ಲಿ ತೋಟದ ಮಾಲೀಕರಿಗೂ ರೈಟರ್ ಮನೆಗೂ ಇರುವ ಸಂಬಂಧವನ್ನು ಸಂಬಳದ ಚೀಟಿಯಲ್ಲಿ ಬರೆಯಲಾಗದು. ತಂದೆಯ ಆಪರೇಷನ್ನಿಗೆ ಅವರು ಹಣ ಕೊಟ್ಟದ್ದು ದೊಡ್ಡ ಉಪಕಾರ, ಅದನ್ನು ಮರೆಯಬಾರದು. ಆದರೆ ಆ ಉಪಕಾರ ಆದದ್ದು ನಿಮ್ಮ ತಂದೆಗೆ, ಅವರ 26 ವರ್ಷದ ದುಡಿಮೆಯನ್ನು ನೋಡಿದ ಮನುಷ್ಯನಿಂದ. ಅದನ್ನು ನಿಮ್ಮ ವೃತ್ತಿಯ ವರ್ಷಗಳಿಂದ ಕಂತುಕಂತಾಗಿ ತೀರಿಸಬೇಕೆಂದು ಅವರು ಕೇಳಿಲ್ಲ, ನೀವೇ ಅಂದುಕೊಂಡಿದ್ದೀರಿ. ಒಂದು ವೇಳೆ ಆ ಹಣ ಸಾಲವಾಗಿ ಕೊಟ್ಟದ್ದಾಗಿದ್ದು ಬಾಕಿ ಉಳಿದಿದ್ದರೆ, ಅದನ್ನು ರಾಜೀನಾಮೆಯೊಂದಿಗೆ ಬೆರೆಸದೆ, ತಿಂಗಳಿಗೆ ಇಷ್ಟು ಎಂದು ಪ್ರತ್ಯೇಕವಾಗಿ ತೀರಿಸುವ ಏರ್ಪಾಟು ಮಾಡಿಕೊಳ್ಳಿ. ಸಹಾಯವಾಗಿ ಕೊಟ್ಟದ್ದಾದರೆ ಅದಕ್ಕೆ ಸಲ್ಲಬೇಕಾದದ್ದು ಕೃತಜ್ಞತೆ; ಅದು ನೀವು ಹಾಸನದಲ್ಲಿದ್ದರೂ ಸಲ್ಲುತ್ತದೆ.

ಈಗ ದಿನಾಂಕಗಳಿಗೆ ಬರೋಣ, ಏಕೆಂದರೆ ಇಲ್ಲಿ ನೀವು ಗಮನಿಸದ ಒಂದು ನಷ್ಟವಿದೆ. ಅಕ್ಟೋಬರ್ ಕೊನೆಗೆ ಪತ್ರ ಕೊಟ್ಟರೆ ಎರಡು ತಿಂಗಳ ನೋಟಿಸ್ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ನಿಮಗೆ ಐದು ವರ್ಷ ತುಂಬುವುದು ಜನವರಿ 10ಕ್ಕೆ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಮಾಲೀಕರು ಕೊಡಬೇಕಾದ ಇಡಿಗಂಟು) ಸಿಗಲು ಐದು ವರ್ಷದ ನಿರಂತರ ಸೇವೆ ಬೇಕು. 1972ರ ಕಾಯ್ದೆಯಲ್ಲಿದ್ದ ಈ ನಿಯಮ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ, ನೋಟಿಸ್ ಅವಧಿಯಲ್ಲಿ ಮಾಡಿದ ಕೆಲಸವೂ ಸೇವೆಯ ಲೆಕ್ಕಕ್ಕೆ ಬರುತ್ತದೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ವರ್ಷಗಳಿಂದ ಗುಣಿಸಬೇಕು: ನಿಮ್ಮ 20,000ಕ್ಕೆ ಐದು ವರ್ಷದ ಗ್ರಾಚ್ಯುಟಿ ಸುಮಾರು 57,692 ರೂಪಾಯಿ. ಎರಡು ವಾರದ ಅವಸರಕ್ಕೆ ಇಷ್ಟು ಹಣ ಬಿಡುವುದು ಸರಿಯಲ್ಲ. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎಂದು ಯಾರಾದರೂ ಹೇಳಬಹುದು. ಮದ್ರಾಸ್ ಹೈಕೋರ್ಟಿನ ಅಂಥ ಒಂದು ತೀರ್ಪು ಇರುವುದು ನಿಜ. ಆದರೆ ಆ ವಾದ ಹಿಡಿದು ಹೋರಾಡಬೇಕಾದದ್ದು ನೀವು ಸಂಬಂಧ ಉಳಿಸಿಕೊಳ್ಳಬೇಕೆಂದಿರುವ ಮನುಷ್ಯನ ವಿರುದ್ಧ. ಅದು ಬೇಡ.

ಬದಲಿಗೆ ಹೀಗೆ ಮಾಡಿ. ಮಾಲೀಕರ ಬಳಿಗೆ ಹೋಗುವ ಮೊದಲು ಹಾಸನದ ಕಂಪನಿಗೆ ಇಮೇಲ್ ಬರೆದು, ಸೇರುವ ದಿನವನ್ನು ಜನವರಿ 1ರ ಬದಲು ಸಂಕ್ರಾಂತಿ ಕಳೆದು 20ಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಹೊಸ ಫಸಲಿನ ಮೊದಲ ಲಾಟುಗಳು ಬರುವ ಹೊತ್ತಿನಲ್ಲಿ ಹಳೆಯ ಸಂಸ್ಥೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರುವುದು ಸರಿಕಾಣುತ್ತಿಲ್ಲ, ಐದು ವರ್ಷದ ಸೇವೆಯೂ ಪೂರ್ತಿಯಾಗುತ್ತದೆ ಎಂದು ಎರಡೂ ಕಾರಣಗಳನ್ನು ನೇರವಾಗಿ ಬರೆಯಿರಿ. ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ಅದರ ಬೆನ್ನಿಗೇ ರೋಬಸ್ಟಾ. ಒಳ್ಳೆಯ ಸಂಸ್ಥೆ ಇಂಥ ವಿನಂತಿಯನ್ನು ನೋಡಿ ನಿಮ್ಮ ಮೇಲಿನ ನಂಬಿಕೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಅವರ ಒಪ್ಪಿಗೆ ಬರವಣಿಗೆಯಲ್ಲಿ ಬಂದ ಮೇಲೆ ಮಾತ್ರ ಮಾಲೀಕರ ಬಳಿ ಹೋಗಿ. ಒಪ್ಪದಿದ್ದರೆ ಆ 57,692 ರೂಪಾಯಿಯನ್ನು ಬಿಡಲು ಸಿದ್ಧಳೇ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ನಾನಾಗಿದ್ದರೆ ಇನ್ನೊಮ್ಮೆ ಫೋನಿನಲ್ಲಿ ಕೇಳಿ, ಆಗಲೂ ಆಗದಿದ್ದರೆ ಬಿಡುತ್ತಿದ್ದೆ. ಹಾಸನದವರ ಪತ್ರದಲ್ಲಿ ಸೇವಾ ಬಾಂಡ್ ಏನಾದರೂ ಇದೆಯೇ ಎಂಬುದನ್ನೂ ಇದೇ ಸಮಯದಲ್ಲಿ ಓದಿಕೊಳ್ಳಿ. ಇಂತಿಷ್ಟು ವರ್ಷದೊಳಗೆ ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತು ಸಮಂಜಸವಾಗಿದ್ದರೆ ಅದು ಊರ್ಜಿತವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ.

ಮಾಲೀಕರೊಂದಿಗಿನ ಮಾತು ಮುಖಾಮುಖಿಯಾಗಿ, ಅವರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಆಗಬೇಕು. ಲಾರಿ ತೂಕದ ಹೊತ್ತಿನಲ್ಲಿ, ಬೆಳೆಗಾರರು ಕುಳಿತಿರುವಾಗ ಬೇಡ. ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ. ಮಧ್ಯಾಹ್ನದ ಮೇಲೆ ಹತ್ತು ನಿಮಿಷ ಸಮಯ ಕೊಡಿ ಎಂದು ಬೆಳಿಗ್ಗೆಯೇ ಕೇಳಿಕೊಳ್ಳಿ. ಸಹಿ ಮಾಡಿದ ರಾಜೀನಾಮೆ ಪತ್ರ ಕೈಯಲ್ಲಿರಲಿ. ಪತ್ರವಿಲ್ಲದೆ ಹೋದರೆ ಅದು ಸಮಾಲೋಚನೆಯಾಗುತ್ತದೆ, ಕಳೆದ ವಾರ ಆದದ್ದೂ ಅದೇ. ಮೊದಲು ಅವರ ಕೊಡುಗೆಗೆ ಧನ್ಯವಾದ ಹೇಳಿ, ಆ ಉಸಿರಿನಲ್ಲೇ ನಿರ್ಧಾರವನ್ನೂ ಹೇಳಿ. ನಡುವೆ ಅಂತರ ಬಿಟ್ಟರೆ ಅವರಿಗೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿಸಿ ಕಸಿಯುವುದು ನೇರವಾಗಿ ಇಲ್ಲವೆನ್ನುವುದಕ್ಕಿಂತ ಹೆಚ್ಚು ನೋಯಿಸುತ್ತದೆ. ಮಾತು ಸುಮಾರಾಗಿ ಹೀಗಿರಬಹುದು:

‘ಸರ್, ನೀವು ಕೂಡಲೇ ಸಂಬಳ, ಹುದ್ದೆ ಎರಡನ್ನೂ ಕೊಡುತ್ತೇನೆಂದದ್ದು ನನ್ನ ಕೆಲಸಕ್ಕೆ ಸಿಕ್ಕ ಗೌರವವೆಂದುಕೊಂಡಿದ್ದೇನೆ. ಆದರೆ ನಾನು ಹಾಸನಕ್ಕೆ ಹೋಗಲು ತೀರ್ಮಾನಿಸಿದ್ದೇನೆ, ಅವರಿಗೆ ಸಹಿ ಮಾಡಿ ಮಾತು ಕೊಟ್ಟಿದ್ದೇನೆ. ನನಗೆ ಕಪ್ಪಿಂಗ್ ಕಲಿಯಬೇಕು. ಅದು ಸಂಬಳದ ವಿಷಯವಲ್ಲ. ಜನವರಿ 17ರವರೆಗೂ ಇದ್ದು ಮೊದಲ ಲಾಟುಗಳನ್ನು ನೋಡಿಕೊಟ್ಟು, ನನ್ನ ಜಾಗಕ್ಕೆ ಬರುವವರನ್ನು ತಯಾರು ಮಾಡಿ ಹೋಗುತ್ತೇನೆ.’

ಇಷ್ಟು ಹೇಳಿ ನಿಲ್ಲಿಸಿ. ಆಮೇಲೆ ಬರುವ ಮೌನವನ್ನು ತುಂಬಲು ಹೋಗಬೇಡಿ. ಹೆಚ್ಚಿನವರು ಎಡವುವುದು ಅಲ್ಲಿಯೇ. ತಳಮಳದಲ್ಲಿ ಇನ್ನೊಂದು ಕಾರಣ, ಮತ್ತೊಂದು ಕಾರಣ ಎಂದು ಸೇರಿಸುತ್ತ ಹೋಗುತ್ತೀರಿ, ಅವರು ಒಂದೊಂದನ್ನೂ ಪರಿಹರಿಸುತ್ತ ಬರುತ್ತಾರೆ. ಅವರು, ಹಾಗಾದರೆ ತರಬೇತಿಗೂ ಕಳಿಸುತ್ತೇನೆ, ಇಲ್ಲೇ ಸಣ್ಣ ಲ್ಯಾಬ್ ಹಾಕೋಣ ಎನ್ನಬಹುದು. ಇದಕ್ಕೆ ಸಿದ್ಧರಾಗಿ ಹೋಗಿ, ಏಕೆಂದರೆ ಈ ಮಾತು ನಿಮ್ಮ ಮನಸ್ಸನ್ನು ಅಲ್ಲಾಡಿಸುತ್ತದೆ. ಆಗ, ‘ಸರ್, ಅದು ಖಂಡಿತ ಆಗಬೇಕು, ನನ್ನ ಜಾಗಕ್ಕೆ ಬರುವವರಿಗೆ ಅದು ತುಂಬ ಉಪಯೋಗವಾಗುತ್ತದೆ, ನನ್ನ ಮಾತು ಮಾತ್ರ ಈಗಾಗಲೇ ಕೊಟ್ಟಾಗಿದೆ’ ಎನ್ನಿ. ಅವರು ಸಿಟ್ಟಾಗಿ ತಂದೆಯ ವಿಷಯ ಎತ್ತಿದರೆ ವಾದಕ್ಕಿಳಿಯಬೇಡಿ. ‘ಅದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ ಸರ್, ಮರೆಯುವುದೂ ಇಲ್ಲ’ ಎಂಬುದು ಸತ್ಯ, ಅಷ್ಟನ್ನು ಹೇಳಿದರೆ ಸಾಕು. ನಾಳೆ ಯೋಚಿಸಿ ಹೇಳು ಎಂದರೆ, ಯೋಚಿಸಿಯೇ ಬಂದಿದ್ದೇನೆ ಎಂದು ಮೆಲ್ಲಗೆ ಹೇಳಿ ಪತ್ರವನ್ನು ಮೇಜಿನ ಮೇಲಿಡಿ. ತರಬೇತಿಗೆ ಕಳಿಸಲಿಲ್ಲವೆಂಬ ಎರಡು ವರ್ಷದ ಅಸಮಾಧಾನವನ್ನು ಮಾತ್ರ ಆ ದಿನ ಹೊರತೆಗೆಯಬೇಡಿ. ಅದು ನ್ಯಾಯವಾದದ್ದೇ. ಆದರೆ ಅದನ್ನು ಹೇಳಿದರೆ ಮಾತುಕತೆ ವಿಚಾರಣೆಯಾಗಿ, ನಿಮ್ಮ ನಿರ್ಧಾರ ಮುನಿಸಿನಂತೆ ಕಾಣುತ್ತದೆ.

ರಾಜೀನಾಮೆ ಪತ್ರ ನಾಲ್ಕು ಸಾಲಿಗಿಂತ ಹೆಚ್ಚು ಬೇಕಿಲ್ಲ. ಹೊಸ ಕಂಪನಿಯ ಹೆಸರು, ಸಂಬಳ, ದೂರು ಯಾವುದೂ ಅದರಲ್ಲಿರಬಾರದು. ‘ಮಾನ್ಯರೇ, ಗುಣಮಟ್ಟ ವಿಭಾಗದ ಮೇಲ್ವಿಚಾರಕಿಯ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೋಟಿಸ್ ಅವಧಿಯು ಡಿಸೆಂಬರ್ ಕೊನೆಗೆ ಮುಗಿಯುವುದಾದರೂ ಹೊಸ ಫಸಲಿನ ಮೊದಲ ಲಾಟುಗಳ ಪರೀಕ್ಷೆ ಮುಗಿಸಿ ಕೆಲಸವನ್ನು ಒಪ್ಪಿಸುವ ಸಲುವಾಗಿ ಜನವರಿ 17ರವರೆಗೆ ಕರ್ತವ್ಯದಲ್ಲಿರುತ್ತೇನೆ. ಆ ದಿನವನ್ನೇ ನನ್ನ ಸೇವೆಯ ಕೊನೆಯ ದಿನವೆಂದು ಪರಿಗಣಿಸಲು ಕೋರುತ್ತೇನೆ. ಇಲ್ಲಿ ಕಲಿತ ಪ್ರತಿಯೊಂದಕ್ಕೂ ಕೃತಜ್ಞಳಾಗಿದ್ದೇನೆ.’ ಕಾಗದ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆಯಿರಿ, ಅದೇ ಸಂಜೆ ಇಮೇಲಿನಲ್ಲೂ ಕಳಿಸಿ. ಕೊನೆಯ ದಿನವನ್ನು ಅವರು ಲಿಖಿತವಾಗಿ ಒಪ್ಪಿದರೆ ಐದು ವರ್ಷದ ವಿಷಯವೂ ಅಲ್ಲಿಗೆ ಇತ್ಯರ್ಥವಾಗುತ್ತದೆ. ಗ್ರಾಚ್ಯುಟಿಗಾಗಿಯೇ ದಿನ ಮುಂದೂಡಿದೆಯಾ ಎಂದು ಅವರು ಕೇಳಿದರೆ, ಅದೂ ಒಂದು ಕಾರಣ ಸರ್ ಎಂದು ಒಪ್ಪಿಕೊಳ್ಳಿ. ಹಕ್ಕಿನ ಹಣ ಕೇಳುವುದರಲ್ಲಿ ಮುಜುಗರವಿಲ್ಲ.

ನೀವು ಎಷ್ಟು ಚೆನ್ನಾಗಿ ಹೊರಟಿರಿ ಎಂಬುದನ್ನು ಮಾಲೀಕರು ನೆನಪಿಡುವುದು ಆ ಹತ್ತು ನಿಮಿಷದ ಮಾತಿಗಿಂತ ಮುಂದಿನ ಹನ್ನೊಂದು ವಾರಗಳಿಂದ. ತೇವಾಂಶ ಮಾಪಕವನ್ನು ಯಾವಾಗ ತಾಳೆ ನೋಡಬೇಕು, ಯಾವ ಬೆಳೆಗಾರರ ಪಾರ್ಚ್‌ಮೆಂಟ್ (ತೆಳು ಸಿಪ್ಪೆ ಇನ್ನೂ ಇರುವ ಕಾಫಿ ಬೀಜ) ಪ್ರತಿ ವರ್ಷ ಸರಿಯಾಗಿ ಒಣಗದೆ ಬರುತ್ತದೆ, ಔಟ್‌ಟರ್ನ್ ಬಗ್ಗೆ ಯಾರು ಜಗಳಕ್ಕೆ ಬರುತ್ತಾರೆ ಮತ್ತು ಅವರಿಗೆ ಮಾದರಿಯನ್ನು ಎದುರಿಗೇ ಹೇಗೆ ತೆಗೆದು ತೋರಿಸಬೇಕು, ಬೀಜ ಆರಿಸುವ ಹೆಂಗಸರಲ್ಲಿ ಯಾರ ಕಣ್ಣಿಗೆ ಕಪ್ಪು ಬೀಜ ತಪ್ಪುವುದಿಲ್ಲ: ಇವೆಲ್ಲ ಯಾವ ರಿಜಿಸ್ಟರಿನಲ್ಲೂ ಇಲ್ಲ, ನಿಮ್ಮ ತಲೆಯಲ್ಲಿವೆ. ಒಂದು ನೋಟ್‌ಬುಕ್ ತೆಗೆದುಕೊಂಡು ದಿನಕ್ಕೊಂದು ಪುಟದಂತೆ ಕನ್ನಡದಲ್ಲೇ ಬರೆದಿಡಿ. ಬದಲಿ ವ್ಯಕ್ತಿ ಬರುವುದು ತಡವಾದರೆ ಈಗಿರುವ ಕಿರಿಯರಲ್ಲಿ ಒಬ್ಬರನ್ನು ಡಿಸೆಂಬರಿನಿಂದ ಪಕ್ಕದಲ್ಲಿ ನಿಲ್ಲಿಸಿಕೊಂಡು, ಜನವರಿಯ ಮೊದಲ ವಾರದಿಂದ ಅವರೇ ಪರೀಕ್ಷೆ ಮಾಡಲಿ, ನೀವು ನೋಡುತ್ತ ನಿಲ್ಲಿ.

ತೆಗೆದುಕೊಂಡು ಹೋಗಬಾರದ್ದೂ ಇದೆ. ಬೆಳೆಗಾರರ ಪಟ್ಟಿ, ಲಾಟುಗಳ ದಾಖಲೆ, ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮಕ್ಕಾಗಿ ಸಂಗ್ರಹಿಸಿದ ತೋಟಗಳ ಜಿಪಿಎಸ್ ವಿವರ, ಇವು ಸಂಸ್ಥೆಯ ಸ್ವತ್ತು. ನಿಮ್ಮ ಮೊಬೈಲಿನಲ್ಲಿದ್ದರೆ ಅವರಿಗೆ ಒಪ್ಪಿಸಿ ಅಳಿಸಿ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲವೆಂದು ನಿಮಗೆ ಯಾರಾದರೂ ಧೈರ್ಯ ಹೇಳಿರಬಹುದು. ಅದು ಸರಿಯೇ, ಆದರೆ ಗೋಪ್ಯ ಮಾಹಿತಿ ಒಯ್ಯುವುದಕ್ಕೆ ಆ ಕಲಮು ರಕ್ಷಣೆಯಲ್ಲ. ನೋಟಿಸ್ ಅವಧಿಯಲ್ಲಿ ಬೆಳೆಗಾರರೊಬ್ಬರು ‘ನೀವು ಹೋಗುವಲ್ಲಿಗೇ ಮಾಲು ಕಳಿಸಲೇ’ ಎಂದು ಪ್ರೀತಿಯಿಂದ ಕೇಳಿದರೂ, ಇಲ್ಲಿರುವಷ್ಟು ದಿನ ನಾನು ಇಲ್ಲಿಯವಳು ಎಂದು ಹೇಳಿ ಮಾತು ಬದಲಿಸಿ.

ಕಾಗದಪತ್ರದ ಕೆಲಸ ಬೇಗ ಮುಗಿಯುವಂಥದು. ಬಿಡುಗಡೆ ಪತ್ರ ಮತ್ತು ಅನುಭವ ಪತ್ರವನ್ನು ಕೊನೆಯ ದಿನವೇ ಕೇಳಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ರಾಜೀನಾಮೆ ನೀಡಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನಗಳ ಗಡುವಿದೆ, ಅದಕ್ಕೆ ಅರ್ಜಿಯನ್ನು ಕೊಟ್ಟೇ ಹೋಗಿ. ಪಿ.ಎಫ್. ಹಣವನ್ನು ತೆಗೆಯಬೇಡಿ, ಅದೇ ಯು.ಎ.ಎನ್.ಗೆ (ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಸಂಖ್ಯೆ) ವರ್ಗಾಯಿಸಿ, ಪಿಂಚಣಿಗೆ ಹತ್ತು ವರ್ಷದ ಸದಸ್ಯತ್ವ ಬೇಕು, ಅದರಲ್ಲಿ ಐದನ್ನು ನೀವು ಗಳಿಸಿದ್ದೀರಿ. ಕೆಲಸ ಬಿಟ್ಟ ದಿನಾಂಕವನ್ನು ಸಂಸ್ಥೆ ಪಿ.ಎಫ್. ಪೋರ್ಟಲಿನಲ್ಲಿ ನಮೂದಿಸಿದೆಯೇ ಎಂದು ಫೆಬ್ರವರಿಯಲ್ಲೊಮ್ಮೆ ನೋಡಿ, ಅದಿಲ್ಲದೆ ವರ್ಗಾವಣೆ ಮುಂದೆ ಸರಿಯದು.

ಕೊನೆಯದಾಗಿ, ಮಾಲೀಕರ ಬಳಿ ಹೋಗುವ ಹಿಂದಿನ ಸಂಜೆ ತಂದೆಯ ಜೊತೆ ಕುಳಿತು ಎಲ್ಲವನ್ನೂ ಹೇಳಿ. ನೀವು ಪತ್ರ ಕೊಟ್ಟು ಹೊರಬಂದ ಮೇಲೆ ಮಾಲೀಕರು ಮೊದಲು ಫೋನ್ ಮಾಡುವುದು ಅವರಿಗೇ. ಆ ಕರೆ ಬಂದಾಗ ತಂದೆಗೆ ವಿಷಯವೇ ಗೊತ್ತಿಲ್ಲದಿದ್ದರೆ ಅವರು ತಬ್ಬಿಬ್ಬಾಗಿ, ಮಗಳಿಗೆ ಬುದ್ಧಿ ಹೇಳುತ್ತೇನೆ ಧಣಿ ಎಂದುಬಿಡುತ್ತಾರೆ, ನೀವು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೀರಿ. ಗೊತ್ತಿದ್ದರೆ, ಹೌದು ಧಣಿ, ಅವಳು ನನಗೆ ಹೇಳಿಯೇ ಬಂದಿದ್ದಾಳೆ, ಜನವರಿಯವರೆಗೂ ಇದ್ದು ಕೆಲಸ ಒಪ್ಪಿಸಿ ಹೋಗುತ್ತಾಳೆ ಎಂದು ಅವರೇ ಹೇಳುತ್ತಾರೆ. 26 ವರ್ಷ ಆ ಮನೆಯ ಲೆಕ್ಕ ಬರೆದವರ ಬಾಯಿಂದ ಬರುವ ಆ ಒಂದು ಮಾತು ಮಾಲೀಕರನ್ನು ಸಮಾಧಾನಪಡಿಸುವಷ್ಟು ನಾನು ಬರೆದುಕೊಟ್ಟ ಯಾವ ವಾಕ್ಯವೂ ಸಮಾಧಾನಪಡಿಸಲಾರದು.